ಜಾಥಾ ಮುಗಿದ ಮೇಲೆ: ಮೈಸೂರಿನ ಕಾಲೇಜುಗಳಲ್ಲಿ ಎಚ್‌ಐವಿ ಅರಿವು, ಪರೀಕ್ಷೆ

ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1 ಬಂತೆಂದರೆ ಮೈಸೂರಿನ ರಸ್ತೆಗಳಲ್ಲಿ ವಿದ್ಯಾರ್ಥಿಗಳ ಜಾಥಾ ಹೊರಡುತ್ತದೆ. ಎನ್‌ಎಸ್‌ಎಸ್ ಸ್ವಯಂಸೇವಕರು, ನರ್ಸಿಂಗ್ ವಿದ್ಯಾರ್ಥಿನಿಯರು, ರೆಡ್ ರಿಬ್ಬನ್ ಕ್ಲಬ್ಬಿನವರು ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು, ಕೈಯಲ್ಲಿ ಫಲಕ ಹಿಡಿದು ನಡೆಯುತ್ತಾರೆ. ಒಂದು ಬೀದಿ ನಾಟಕ, ಒಂದು ಪ್ರತಿಜ್ಞಾವಿಧಿ, ಅತಿಥಿಗಳ ಭಾಷಣ. ಮರುದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಫೋಟೊ. ಆದರೆ ಜಾಥಾದಲ್ಲಿ ನಡೆದ ಹುಡುಗನಿಗೋ ಹುಡುಗಿಗೋ ನಾಳೆ ತನ್ನ ಬಗ್ಗೆಯೇ ಒಂದು ಅನುಮಾನ ಬಂದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ವಿಷಯ ಮನೆಗೆ ಮುಟ್ಟುತ್ತದೆಯೇ? ಸಾಮಾನ್ಯವಾಗಿ ಇದ್ಯಾವುದೂ ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ. ಮೈಸೂರಿನ ಮಟ್ಟಿಗೆ ಎಚ್‌ಐವಿ ಅರಿವಿನ ಸಮಸ್ಯೆ ಪ್ರಚಾರದ ಕೊರತೆಯಲ್ಲಿ ಇಲ್ಲ. ಪ್ರಚಾರಕ್ಕೂ ಪರೀಕ್ಷಾ ಕೇಂದ್ರಕ್ಕೂ ನಡುವಿನ ದಾರಿಯಲ್ಲಿದೆ.

ಈ ಊರಿನ ಅನುಭವ ಸಣ್ಣದಲ್ಲ

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಆ ಕೆಲಸ ಮಾಡಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಬಂತು, 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ. ಶತಮಾನ ತಿರುಗುವ ಹೊತ್ತಿಗೆ ಆಂಧ್ರ, ಮಹಾರಾಷ್ಟ್ರ, ತಮಿಳುನಾಡು, ಮಣಿಪುರ, ನಾಗಾಲ್ಯಾಂಡ್‌ಗಳ ಜೊತೆಗೆ ಕರ್ನಾಟಕವೂ ಸೋಂಕಿನ ಪ್ರಮಾಣ ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಸೇರಿತ್ತು.

ಮೈಸೂರು ಇದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟ ಊರು. ಮಕ್ಕಳ ತಜ್ಞ ಡಾ. ಎಸ್.ಎನ್. ಮೋತಿ ಅವರ ಹೆಸರಿನೊಂದಿಗೆ ಗುರುತಿಸಿಕೊಂಡಿರುವ ಆಶಾಕಿರಣ ಸಂಸ್ಥೆ 1997ರಲ್ಲಿ ಶುರುವಾದಾಗ ಸೋಂಕಿತರನ್ನು ಮುಟ್ಟಲು ಆಸ್ಪತ್ರೆಗಳೇ ಹಿಂಜರಿಯುತ್ತಿದ್ದವು. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಸರಗೂರು, ಎಚ್.ಡಿ. ಕೋಟೆ ಕಡೆಯ ಹಳ್ಳಿ ಹಾಡಿಗಳಲ್ಲಿ ಈ ಕೆಲಸವನ್ನೂ ಕೈಗೆತ್ತಿಕೊಂಡಿತು. ನಗರದ ಲೈಂಗಿಕ ಕಾರ್ಯಕರ್ತೆಯರ ನಡುವೆ 2004ರಲ್ಲಿ ಕೆಲಸ ಆರಂಭವಾದಾಗ ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸೋಂಕಿತ್ತು. ಆ ಕೆಲಸದಿಂದಲೇ ಮೂಡಿದ ಆಶೋದಯ ಸಮಿತಿಯನ್ನು ಆ ಹೆಣ್ಣುಮಕ್ಕಳೇ ನಡೆಸಿದರು. ಎರಡೇ ವರ್ಷದಲ್ಲಿ ಅವರಲ್ಲಿ ಸಿಫಿಲಿಸ್ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸೋಂಕು ತಗುಲುವ ಮೊದಲೇ ಮಾತ್ರೆ ನುಂಗಿ ಅದನ್ನು ತಡೆಯುವ ‘ಪ್ರೆಪ್’ ವಿಧಾನವನ್ನು ಭಾರತದಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿದ ಎರಡು ಜಾಗಗಳಲ್ಲಿ ಒಂದು ಕೋಲ್ಕತ್ತದ ಸೋನಾಗಾಛಿ, ಇನ್ನೊಂದು ಮೈಸೂರು–ಮಂಡ್ಯ. ಇಲ್ಲಿ ಆರುನೂರಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿ ಪಾಲ್ಗೊಂಡರು.

ಇಷ್ಟೆಲ್ಲ ನಡೆದ ಊರಿನಲ್ಲೇ ಕಾಲೇಜು ವಿದ್ಯಾರ್ಥಿಯ ವಿಷಯ ಬಂದಾಗ ಮಾತು ತಗ್ಗಿದ ದನಿಗೆ ಇಳಿಯುತ್ತದೆ. ಲೈಂಗಿಕ ಕಾರ್ಯಕರ್ತೆಯ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಲು ಕಲಿತ ವ್ಯವಸ್ಥೆಗೆ ಬಿ.ಕಾಂ. ಓದುವ ಹುಡುಗಿಯ ಜೊತೆ ಅದೇ ವಿಷಯ ಎತ್ತಲು ಇನ್ನೂ ಸಂಕೋಚ.

ಕೇಳಿದ್ದಾರೆ, ತಿಳಿದಿದ್ದಾರೆಯೇ?

ಏಡ್ಸ್ ಹೆಸರು ಕೇಳದ ವಿದ್ಯಾರ್ಥಿ ಇಂದು ಸಿಗುವುದು ಕಷ್ಟ. ಆದರೆ ಕೇಳಿರುವುದಕ್ಕೂ ಸರಿಯಾಗಿ ತಿಳಿದಿರುವುದಕ್ಕೂ ಅಂತರ ಎಷ್ಟೆಂಬುದನ್ನು 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಕಾಂಡೋಮ್ ಬಳಕೆ ಮತ್ತು ಒಬ್ಬರೇ ಸಂಗಾತಿ ಇರುವುದರಿಂದ ಅಪಾಯ ತಗ್ಗುತ್ತದೆ, ನೋಡಲು ಆರೋಗ್ಯವಾಗಿರುವವರಿಗೂ ಸೋಂಕಿರಬಹುದು, ಸೊಳ್ಳೆಯಿಂದ ಅಥವಾ ಒಟ್ಟಿಗೆ ಊಟ ಮಾಡುವುದರಿಂದ ಇದು ಹರಡುವುದಿಲ್ಲ ಎಂಬಂಥ ಮೂಲ ಸಂಗತಿಗಳೆಲ್ಲ ಗೊತ್ತಿದ್ದರೆ ಅದನ್ನು ಸಮಗ್ರ ತಿಳಿವಳಿಕೆ ಎಂದು ಎಣಿಸುತ್ತಾರೆ. ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 21.6, ಪುರುಷರಲ್ಲಿ ಶೇ 30.7 ಮಂದಿಗೆ ಮಾತ್ರ ಅದಿತ್ತು.

ಕಾಲೇಜು ಮೆಟ್ಟಿಲು ಹತ್ತಿದವರ ಸ್ಥಿತಿ ಇದಕ್ಕಿಂತ ಮೇಲಿರಬಹುದು. ಆದರೂ ಅದು ಎಲ್ಲರಿಗೂ ಒಂದೇ ಅಲ್ಲ. ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಎಚ್‌ಐವಿ ವೈರಾಣು ರಕ್ತಕಣದೊಳಗೆ ಹೊಕ್ಕು ಹೇಗೆ ಹೆಚ್ಚುತ್ತದೆ ಎಂಬುದರ ಚಿತ್ರವೇ ಇದೆ. ಕಲೆ, ವಾಣಿಜ್ಯ ಓದಿದವರಿಗೆ ಆ ಪಾಠ ಸಿಗುವುದೇ ಇಲ್ಲ. ಜೀವಶಾಸ್ತ್ರ ಓದಿದವರಿಗೂ ಸಿಗುವುದು ಪರೀಕ್ಷೆಗೆ ಬರೆಯಬೇಕಾದ ಉತ್ತರ. ಪುಸ್ತಕ ‘ಎಲೈಸಾ’ ಪರೀಕ್ಷೆಯ ಹೆಸರು ಹೇಳುತ್ತದೆ. ಸರ್ಕಾರಿ ಕೇಂದ್ರದಲ್ಲಿ ಈಗ ಮಾಡುವುದು ಅದೇ ದಿನ ವರದಿ ಕೊಡುವ ಕ್ಷಿಪ್ರ ಪರೀಕ್ಷೆ ಎಂಬುದನ್ನೂ, ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬುದನ್ನೂ ಹೇಳುವುದಿಲ್ಲ.

ಶಾಲೆಯಲ್ಲೇ ಈ ಮಾತು ಆರಂಭವಾಗಬೇಕಿತ್ತು. ನ್ಯಾಕೊ ಮತ್ತು ಶಿಕ್ಷಣ ಇಲಾಖೆ ರೂಪಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಹಲವು ರಾಜ್ಯಗಳು ಅಡ್ಡಿ ಹಾಕಿದವು. ಕರ್ನಾಟಕವೂ ಅವುಗಳಲ್ಲಿ ಒಂದು. ‘ನಮ್ಮ ಸಂಸ್ಕೃತಿಗೆ ಒಗ್ಗದು’ ಎಂಬುದು ಅಂದು ಕೇಳಿಬಂದ ಕಾರಣ. ಹೀಗೆ ಹತ್ತನೇ ತರಗತಿಯಲ್ಲಿ ಮೇಷ್ಟ್ರು ಹಾರಿಸಿದ ಪಾಠ ಪದವಿಗೆ ಬರುವ ಹೊತ್ತಿಗೆ ಮೊಬೈಲಿನಿಂದ, ಗೆಳೆಯರ ಬಾಯಿಂದ ಅರೆಬರೆಯಾಗಿ ತುಂಬಿರುತ್ತದೆ.

ಅರ್ಧ ತಿಳಿವಳಿಕೆಯ ಇನ್ನೊಂದು ದೋಷ, ಅದು ಹಳೆಯದಾಗಿರುವುದು. ಗೋಡೆಬರಹಗಳು ಇಪ್ಪತ್ತು ವರ್ಷದ ಹಿಂದಿನ ಭಯವನ್ನೇ ಇಂದಿಗೂ ಹೊತ್ತಿವೆ. ಸರ್ಕಾರ 2004ರಿಂದ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ಮೊದಲು ರೋಗನಿರೋಧಕ ಕಣಗಳ ಎಣಿಕೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಗೊತ್ತಾದ ಕೂಡಲೇ ಔಷಧಿ ಶುರು. ಈಗ ಬಹುತೇಕರಿಗೆ ದಿನಕ್ಕೆ ಒಂದೇ ಮಾತ್ರೆ. ಮಾತ್ರೆ ತಪ್ಪಿಸದೆ ರಕ್ತದಲ್ಲಿ ವೈರಾಣು ಪತ್ತೆಗೆ ಸಿಗದಷ್ಟು ತಗ್ಗಿದ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಿಂದ ಸ್ಥಿರಪಟ್ಟ ಸಂಗತಿ. ಅವುಗಳಲ್ಲಿ ಒಂದರಲ್ಲಿ ಚೆನ್ನೈ, ಪುಣೆಗಳ ದಂಪತಿಗಳೂ ಭಾಗವಹಿಸಿದ್ದರು. ‘ಪಾಸಿಟಿವ್ ಬಂದರೆ ಮುಗಿಯಿತು’ ಎಂದು ನಂಬಿದವರು ಪರೀಕ್ಷೆಗೆ ಹೋಗುವುದಿಲ್ಲ. ಹೋದರೆ ಬದುಕು ಉಳಿಯುತ್ತದೆ ಎಂದು ಗೊತ್ತಿದ್ದವರು ಹೋಗುತ್ತಾರೆ.

ವಿದ್ಯಾರ್ಥಿಗೆ ಯಾವ ಬಾಗಿಲು?

ನಮ್ಮಲ್ಲಿ ಎಚ್‌ಐವಿ ಪರೀಕ್ಷೆಗೆ ಹಲವು ಬಾಗಿಲುಗಳಿವೆ. ಬಸುರಿಯಾದವರಿಗೆ ತಪಾಸಣೆಯ ಭಾಗವಾಗಿಯೇ ಪರೀಕ್ಷೆಯಾಗುತ್ತದೆ. ಕ್ಷಯರೋಗಿಗೆ ಆ ಚಿಕಿತ್ಸೆಯ ಜೊತೆಗೇ ಆಗುತ್ತದೆ. ಲೈಂಗಿಕ ಕಾರ್ಯಕರ್ತೆಯರು, ಪುರುಷರೊಂದಿಗೆ ಸಂಬಂಧವಿರುವ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು, ಚುಚ್ಚುಮದ್ದಿನ ಮೂಲಕ ಮಾದಕವಸ್ತು ಸೇವಿಸುವವರು, ದೂರ ಪ್ರಯಾಣದ ಲಾರಿ ಚಾಲಕರು, ವಲಸೆ ಕಾರ್ಮಿಕರು ಇವರೆಲ್ಲರಿಗಾಗಿ ಪ್ರತ್ಯೇಕ ಯೋಜನೆಗಳಿವೆ. ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ ಇರುವ ಇಪ್ಪತ್ತರ ಹುಡುಗ, ಹುಡುಗಿ ಈ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅವರಿಗೆ ತೆರೆದಿರುವುದು ಐಸಿಟಿಸಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಹಲವು ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ಇದು ಇರುತ್ತದೆ. ಕ್ರಮ ಸರಳ. ಮೊದಲು ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ ಮಾತಾಡಿಸುತ್ತಾರೆ. ಒಪ್ಪಿದರೆ ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ಏನೂ ಕಾಣದಿದ್ದರೆ ನೆಗೆಟಿವ್. ಕಂಡರೆ ಬೇರೆ ವಿಧಾನದ ಇನ್ನೂ ಎರಡು ಕಿಟ್‌ಗಳಲ್ಲಿ ನೋಡಿ, ಮೂರೂ ಹೊಂದಿದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ವರದಿ ಕೊಡುವಾಗ ಮತ್ತೊಮ್ಮೆ ಸಮಾಲೋಚನೆ. ಪಾಸಿಟಿವ್ ಬಂದವರನ್ನು ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ, ನಗರದ ಕೆ.ಆರ್. ಆಸ್ಪತ್ರೆಯಲ್ಲಿ ಅಂಥ ಕೇಂದ್ರವಿದೆ.

ಕಾಗದದ ಮೇಲೆ ಇಷ್ಟು ಸರಳವಾದದ್ದು ವಿದ್ಯಾರ್ಥಿಗೆ ಏಕೆ ಕಷ್ಟ? ಮೊದಲನೆಯದು ಜಾಗ. ಕೆ.ಆರ್. ಆಸ್ಪತ್ರೆಯ ಸುತ್ತ ಸುತ್ತುವುದು ಹಾಸನ, ಮಂಡ್ಯ, ಕೊಡಗು, ಚಾಮರಾಜನಗರಗಳಿಂದ ಬಂದ ನಂಟರಿಷ್ಟರ ಲೋಕ. ಎಚ್.ಡಿ. ಕೋಟೆಯಿಂದ ಓದಲು ಬಂದ ಹುಡುಗನಿಗೆ ಅಲ್ಲಿ ಊರಿನವರು ಯಾರಾದರೂ ಎದುರಾಗುವ ಅಳುಕು ಸುಳ್ಳಲ್ಲ. ಎರಡನೆಯದು ಸಮಯ. ಕೇಂದ್ರ ತೆರೆಯುವ ವೇಳೆಯೇ ತರಗತಿ, ಲ್ಯಾಬ್, ಹಾಜರಾತಿಯ ವೇಳೆ. ಮೂರನೆಯದು ನೋಟ. ಮದುವೆಯಾಗದವರು, ಅದರಲ್ಲೂ ಹೆಣ್ಣುಮಕ್ಕಳು, ಇಂಥ ಕಡೆ ಕಾಲಿಟ್ಟರೆ ‘ಏನಮ್ಮಾ, ಯಾಕೆ ಬಂದೆ’ ಎಂಬ ಪ್ರಶ್ನೆಯಲ್ಲೇ ಅರ್ಧ ತೀರ್ಪು ಸೇರಿರುತ್ತದೆ ಎಂಬ ಭಯ. ಒಳಗಿನ ಸಮಾಲೋಚಕರು ಎಷ್ಟೇ ಒಳ್ಳೆಯವರಾಗಿರಲಿ, ಹೊರಗಿನ ಬೆಂಚಿನ ಮೇಲೆ ಕೂರುವ ಹದಿನೈದು ನಿಮಿಷ ದಾಟುವುದೇ ಕಷ್ಟ.

ನಾಲ್ಕನೆಯದು ವಯಸ್ಸು. 18 ತುಂಬದವರ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು. ಜೊತೆಗೆ 2012ರ ಪೋಕ್ಸೊ ಕಾಯ್ದೆಯಂತೆ 18ರ ಒಳಗಿನವರ ಲೈಂಗಿಕ ಸಂಪರ್ಕ ಪರಸ್ಪರ ಒಪ್ಪಿಗೆಯದಾದರೂ ಅಪರಾಧ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ರಕ್ಷಣೆಗೆ ಬಂದ ಕಾನೂನು ಪಿಯುಸಿ ಮತ್ತು ಪದವಿಯ ಮೊದಲ ವರ್ಷದವರ ಬಾಯಿಯನ್ನೂ ಹೀಗೆ ಕಟ್ಟಿಹಾಕಿದೆ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳು ಈ ಇಕ್ಕಟ್ಟಿನ ನಡುವೆಯೇ ಕೆಲಸ ಮಾಡಬೇಕು.

ರಕ್ತದಾನ ಶಿಬಿರದ ಕಾಣದ ಪರೀಕ್ಷೆ

ಒಂದು ವಿಚಿತ್ರವೆಂದರೆ, ಪರೀಕ್ಷಾ ಕೇಂದ್ರಕ್ಕೆ ಎಂದೂ ಹೋಗದ ಸಾವಿರಾರು ವಿದ್ಯಾರ್ಥಿಗಳ ರಕ್ತ ಎಚ್‌ಐವಿ ಪರೀಕ್ಷೆಗೆ ಒಳಗಾಗಿದೆ. ಮೈಸೂರಿನ ಕಾಲೇಜುಗಳಲ್ಲಿ ರಕ್ತದಾನ ಶಿಬಿರ ಹಬ್ಬದಷ್ಟು ಸಾಮಾನ್ಯ. ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಜೀವಧಾರ ಮುಂತಾದ ರಕ್ತನಿಧಿಗಳಿಗೆ ವಿದ್ಯಾರ್ಥಿಗಳೇ ದೊಡ್ಡ ಆಸರೆ. ಕಾಯ್ದೆಯ ಪ್ರಕಾರ ದಾನದ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಲೇಬೇಕು.

ಹಾಗಾದರೆ ರಕ್ತ ಕೊಟ್ಟೇ ತಿಳಿದುಕೊಂಡರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಇದು ಅಪಾಯದ ಯೋಚನೆ. ಸೋಂಕು ತಗುಲಿ ಅದು ಪರೀಕ್ಷೆಯಲ್ಲಿ ಕಾಣಿಸಲು ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಬೇಕು. ಈ ವಿಂಡೋ ಪೀರಿಯಡ್‌ನಲ್ಲಿ ವರದಿ ನೆಗೆಟಿವ್ ಬಂದರೂ ರಕ್ತದಲ್ಲಿ ವೈರಾಣು ಇರುತ್ತದೆ, ಅದು ಇನ್ನೊಬ್ಬರ ಮೈಗೆ ಸೇರುತ್ತದೆ. ಆದ್ದರಿಂದಲೇ ದಾನಿಯ ಅರ್ಜಿಯಲ್ಲಿ ಅಪಾಯಕ್ಕೆ ಒಡ್ಡಿಕೊಂಡಿದ್ದೀರಾ ಎಂಬ ಪ್ರಶ್ನೆಗಳಿರುವುದು. ಆದರೆ ಇಡೀ ತರಗತಿ ಸಾಲಾಗಿ ನಿಂತು, ಗೆಳೆಯ ಪಕ್ಕದಲ್ಲೇ ಇಣುಕುತ್ತಿರುವಾಗ ‘ಹೌದು’ ಎಂದು ಟಿಕ್ ಹಾಕುವವರು ಯಾರು? ಅರ್ಜಿ ತುಂಬಲು ಪ್ರತ್ಯೇಕ ಮೂಲೆ, ‘ಇವತ್ತು ಬೇಡ’ ಎಂದವರನ್ನು ಕಾರಣ ಕೇಳದೆ ಕಳಿಸುವ ಸೌಜನ್ಯ, ಪಕ್ಕದಲ್ಲೇ ಒಬ್ಬ ಆಪ್ತ ಸಮಾಲೋಚಕರು ಇದ್ದರೆ ಶಿಬಿರವೇ ಅರಿವಿನ ಪಾಠವಾದೀತು, ರಕ್ತವೂ ಹೆಚ್ಚು ಸುರಕ್ಷಿತವಾದೀತು.

ಎಲ್ಲರಿಗೂ ಪರೀಕ್ಷೆ ಮಾಡಿಬಿಡೋಣವೇ?

ಆಗಾಗ ಕೇಳಿಬರುವ ಸಲಹೆ ಇದು: ಕಾಲೇಜು ಸೇರುವಾಗಲೇ ಎಲ್ಲರಿಗೂ ಕಡ್ಡಾಯ ಪರೀಕ್ಷೆ. 2024ರಲ್ಲಿ ತ್ರಿಪುರದ ಸುದ್ದಿ ಹರಡಿದಾಗ ಈ ಮಾತು ಮತ್ತೆ ಎದ್ದಿತು. ಅಲ್ಲಿ 828 ವಿದ್ಯಾರ್ಥಿಗಳಿಗೆ ಎಚ್‌ಐವಿ, 47 ಸಾವು ಎಂಬ ತಲೆಬರಹ ದೇಶವನ್ನೇ ಬೆಚ್ಚಿಬೀಳಿಸಿತು. ಅದು ಒಂದು ವರ್ಷದ ಲೆಕ್ಕವಲ್ಲ, 2007ರಿಂದ 2024ರವರೆಗೆ ಕೂಡಿಬಂದ ಒಟ್ಟು ಸಂಖ್ಯೆ ಎಂದು ಅಲ್ಲಿನ ಸರ್ಕಾರ ಆಮೇಲೆ ಸ್ಪಷ್ಟಪಡಿಸಿತು. ಚುಚ್ಚುಮದ್ದಿನ ಮಾದಕವಸ್ತು ಅಲ್ಲಿನ ನಿಜವಾದ ಸಮಸ್ಯೆ. ಆದರೆ ಹೆದರಿಕೆ ಓಡಿದಷ್ಟು ವೇಗವಾಗಿ ಸ್ಪಷ್ಟೀಕರಣ ಓಡಲಿಲ್ಲ.

ಲೆಕ್ಕವನ್ನೇ ನೋಡೋಣ. ನ್ಯಾಕೊದ 2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಸೋಂಕಿತರಿದ್ದಾರೆ. ವಯಸ್ಕರಲ್ಲಿ ಪ್ರಮಾಣ ಶೇ 0.2. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರದ ನಂತರದ ಸ್ಥಾನ ಕರ್ನಾಟಕದ್ದು. 2010ಕ್ಕೆ ಹೋಲಿಸಿದರೆ ಹೊಸ ಸೋಂಕುಗಳು ಶೇ 44ರಷ್ಟು ಇಳಿದಿವೆ. ಒಂದು ನಗರದ 10,000 ವಿದ್ಯಾರ್ಥಿಗಳಲ್ಲಿ 10 ಮಂದಿಗೆ ಸೋಂಕಿದೆ ಎಂದಿಟ್ಟುಕೊಳ್ಳಿ. ಸಾವಿರದಲ್ಲಿ ಐದು ಸಲ ತಪ್ಪಾಗಿ ಪಾಸಿಟಿವ್ ತೋರಿಸುವ ಕಿಟ್ ಒಂದನ್ನೇ ಬಳಸಿದರೆ ಸುಮಾರು 60 ಮಂದಿಗೆ ಪಾಸಿಟಿವ್ ಬರುತ್ತದೆ; ಅದರಲ್ಲಿ 50 ಮಂದಿಗೆ ಸೋಂಕೇ ಇರುವುದಿಲ್ಲ. ಎರಡನೇ, ಮೂರನೇ ಕಿಟ್ ಅವರನ್ನು ಪಾರು ಮಾಡುತ್ತದೆ, ನಿಜ. ಆದರೆ ಕಾಲೇಜಿನ ಆವರಣದಲ್ಲೇ ಈ ಪರೀಕ್ಷೆ ನಡೆದರೆ ‘ಮತ್ತೊಮ್ಮೆ ಬಾ’ ಎಂದು ಕರೆಸಿಕೊಂಡವರ ಹೆಸರು ಸಂಜೆಯೊಳಗೆ ಕ್ಯಾಂಟೀನು ಮುಟ್ಟಿರುತ್ತದೆ. ನಿಜವಾಗಿ ಅಪಾಯಕ್ಕೆ ಒಡ್ಡಿಕೊಂಡವರು ಆ ದಿನ ಗೈರುಹಾಜರಾಗುತ್ತಾರೆ. ಇಂದಿನ ನೆಗೆಟಿವ್ ವರದಿ ನಾಳೆಗೆ ರಕ್ಷೆಯೂ ಅಲ್ಲ.

ಕಾನೂನು ಕೂಡ ಇದಕ್ಕೆ ಒಪ್ಪುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕಾಲೇಜು ಪ್ರವೇಶಕ್ಕೋ ಕೆಲಸಕ್ಕೋ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಸೋಂಕಿತರ ಗುರುತು ಬಯಲು ಮಾಡುವಂತಿಲ್ಲ. ಸಿಬ್ಬಂದಿ, ಪದಾಧಿಕಾರಿಗಳು ಸೇರಿ ನೂರು ಅಥವಾ ಹೆಚ್ಚು ಮಂದಿ ಇರುವ ಪ್ರತಿ ಸಂಸ್ಥೆಯೂ ಈ ಕಾಯ್ದೆಯ ಉಲ್ಲಂಘನೆಯ ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಹಾಗೆ ನೋಡಿದರೆ ಮೈಸೂರಿನ ದೊಡ್ಡ ಕಾಲೇಜುಗಳಿಗೆ ಇದು ಅನ್ವಯ. ರ‍್ಯಾಗಿಂಗ್ ವಿರುದ್ಧದ ಫಲಕ ಎಲ್ಲ ಕಾಲೇಜಿನ ಗೋಡೆಯ ಮೇಲೂ ಕಾಣುತ್ತದೆ. ಈ ಅಧಿಕಾರಿಯ ಹೆಸರೂ ಅದರ ಪಕ್ಕದಲ್ಲಿ ಇರಬೇಕಾದದ್ದು.

ತರಗತಿಯಲ್ಲೇ ಇರುವವರು

ಅರಿವಿನ ಭಾಷಣಗಳು ಸೋಂಕಿತರನ್ನು ಸದಾ ‘ಅವರು’ ಎಂದೇ ಕರೆಯುತ್ತವೆ. ಅವರಲ್ಲಿ ಕೆಲವರು ಅದೇ ಸಭಾಂಗಣದಲ್ಲಿ ಕೂತಿರಬಹುದು ಎಂಬುದು ಭಾಷಣಕಾರರಿಗೆ ಹೊಳೆಯುವುದಿಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ಹರಡುವ ಸಾಧ್ಯತೆ ಶೇ 15ರಿಂದ 45; ಸರಿಯಾದ ಚಿಕಿತ್ಸೆ ಸಿಕ್ಕರೆ ಅದು ಶೇ 5ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಚಿಕಿತ್ಸೆ ಎಲ್ಲೆಡೆ ತಲುಪುವ ಮೊದಲು ಹುಟ್ಟಿ, ಎಆರ್‌ಟಿಯಿಂದ ಬದುಕಿ ಬೆಳೆದ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. ಅವರ ತೊಂದರೆಗಳು ತೀರಾ ದಿನನಿತ್ಯದವು: ಹಾಸ್ಟೆಲಿನ ಕೋಣೆಯಲ್ಲಿ ಮಾತ್ರೆ ಡಬ್ಬಿ ಎಲ್ಲಿಡುವುದು, ‘ಇದೇನು ಮಾತ್ರೆ’ ಎಂದರೆ ಏನು ಹೇಳುವುದು, ಔಷಧಿ ತರಲು ಹೋದ ದಿನದ ಹಾಜರಾತಿಗೆ ಯಾವ ಕಾರಣ ಬರೆಯುವುದು. ಅನಾರೋಗ್ಯದ ರಜೆಗೆ ರೋಗದ ಹೆಸರು ಕೇಳದಿರುವುದು ಒಬ್ಬ ಪ್ರಾಂಶುಪಾಲರು ಒಂದು ಸುತ್ತೋಲೆಯಲ್ಲಿ ಮಾಡಬಹುದಾದ ಕೆಲಸ.

ವೈದ್ಯಕೀಯ, ನರ್ಸಿಂಗ್, ಲ್ಯಾಬ್ ಟೆಕ್ನಿಶಿಯನ್ ವಿದ್ಯಾರ್ಥಿಗಳ ಪ್ರಶ್ನೆ ಬೇರೆ. ವಾರ್ಡಿನಲ್ಲಿ ಬಳಸಿದ ಸೂಜಿ ಬೆರಳಿಗೆ ಚುಚ್ಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡುವವರಿದ್ದಾರೆ. ಆದಷ್ಟು ಬೇಗ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಔಷಧಿ ಶುರು ಮಾಡಿ 28 ದಿನ ತೆಗೆದುಕೊಂಡರೆ ಸೋಂಕನ್ನು ತಡೆಯಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದೇ ಔಷಧಿ, ಇದೇ ಗಡುವು. ಈ ‘72 ಗಂಟೆ’ ಎಂಬ ಅಂಕಿ ಇತರ ಎಲ್ಲ ಘೋಷಣೆಗಳಿಗಿಂತ ವಿದ್ಯಾರ್ಥಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೈಸೂರು ತನ್ನಿಂದಲೇ ಕಲಿಯಬಹುದು

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರು ತಾಲ್ಲೂಕಿನ ಹಳ್ಳಿಗಳಿಗೆ ಸಂಶೋಧಕರ ತಂಡವೊಂದು ಸಂಚಾರಿ ಕ್ಲಿನಿಕ್ ಒಯ್ದು, ಬಸುರಿಯರ ಸಾಮಾನ್ಯ ತಪಾಸಣೆಯ ಜೊತೆಗೇ ಎಚ್‌ಐವಿ ಪರೀಕ್ಷೆಯನ್ನೂ ಸೇರಿಸಿತ್ತು. ಹತ್ತರ ಜೊತೆ ಹನ್ನೊಂದನೆಯದಾಗಿ ಬಂದಾಗ ಆ ಪರೀಕ್ಷೆಯ ಮುಜುಗರ ಕರಗುತ್ತದೆ. ಕಾಲೇಜಿನಲ್ಲೂ ಹಾಗೆಯೇ ಮಾಡಬಹುದು. ರಕ್ತಹೀನತೆ, ರಕ್ತದೊತ್ತಡ, ದೃಷ್ಟಿ, ಮಾನಸಿಕ ಆರೋಗ್ಯದ ತಪಾಸಣೆ ಮಾಡುವ ಶಿಬಿರದಲ್ಲಿ, ಬೇಕಾದವರಿಗೆ ಮಾತ್ರ, ಪ್ರತ್ಯೇಕ ಕೋಣೆಯಲ್ಲಿ ಎಚ್‌ಐವಿ ಸಮಾಲೋಚನೆ ಇರಲಿ. ಪರೀಕ್ಷೆ ಅಲ್ಲೇ ಆಗಬೇಕೆಂದಿಲ್ಲ. ಬೇಕೆಂದವರಿಗೆ ಬೇರೊಂದು ಬಡಾವಣೆಯ ಕೇಂದ್ರದ ದಿನ, ವೇಳೆ ಗೊತ್ತುಮಾಡಿಕೊಟ್ಟರೂ ಸಾಕು.

ಆಶೋದಯದ ಪಾಠ ಇನ್ನೂ ದೊಡ್ಡದು. ಅಲ್ಲಿ ಕೆಲಸ ನಡೆದದ್ದು ಹೊರಗಿನವರ ಭಾಷಣದಿಂದಲ್ಲ, ಅದೇ ಬದುಕು ಬದುಕಿದವರ ಮಾತಿನಿಂದ. ರೆಡ್ ರಿಬ್ಬನ್ ಕ್ಲಬ್‌ಗಳ ಉದ್ದೇಶವೂ ಮೂಲತಃ ಅದೇ, ವಿದ್ಯಾರ್ಥಿಗೆ ವಿದ್ಯಾರ್ಥಿಯೇ ಹೇಳುವುದು. ಕ್ವಿಜ್, ಭಿತ್ತಿಪತ್ರ ಸ್ಪರ್ಧೆಗಳ ನಡುವೆ ಅದು ಮರೆಯಾಗಿದೆ. ಪ್ರತಿ ಕ್ಲಬ್ಬಿನಲ್ಲಿ ನಾಲ್ಕೈದು ಮಂದಿಗೆ ಸರಿಯಾದ ತರಬೇತಿ ಕೊಟ್ಟು, ಗುಟ್ಟು ಕಾಪಾಡುವುದನ್ನೂ ಕಲಿಸಿ, ಬೇಕಾದವರ ಜೊತೆ ಕೇಂದ್ರದವರೆಗೆ ಹೋಗಿಬರುವ ಹೊಣೆ ಕೊಟ್ಟರೆ ಹೊರಗಿನ ಬೆಂಚಿನ ಹದಿನೈದು ನಿಮಿಷ ಅಷ್ಟು ಭಾರವಾಗದು. ದಸರೆಗೆ ಮುನ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮಕ್ಕೆ ಸೇರುವಷ್ಟು ವಿದ್ಯಾರ್ಥಿಗಳು ಬೇರಾವ ಸಭೆಗೂ ಸೇರುವುದಿಲ್ಲ. ‘ಏಡ್ಸ್ ಮಾರಿ’ಯನ್ನು ಸಂಹರಿಸುವ ನೃತ್ಯಕ್ಕಿಂತ, ಪರೀಕ್ಷೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಅಲ್ಲಿ ಒಂದು ನಿಮಿಷ ಹೇಳಿದರೆ ಹೆಚ್ಚು ಫಲ.

ಅಳತೆಗೋಲೂ ಬದಲಾಗಬೇಕು. ಕಾಲೇಜುಗಳು ಇಂದು ಕಳಿಸುವ ವರದಿಯಲ್ಲಿ ಇರುವುದು ಕಾರ್ಯಕ್ರಮಗಳ ಸಂಖ್ಯೆ, ಪಾಲ್ಗೊಂಡವರ ಸಂಖ್ಯೆ, ಫೋಟೊ. ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳು ತಾವಾಗಿಯೇ ಆಪ್ತ ಸಮಾಲೋಚನೆಗೆ ಹೋದರು ಎಂಬ ಲೆಕ್ಕವನ್ನು, ಹೆಸರಿಲ್ಲದೆ, ಕಾಲೇಜಿನ ಹೆಸರೂ ಇಲ್ಲದೆ, ಇಡೀ ನಗರಕ್ಕೆ ಒಟ್ಟಾಗಿ ಪ್ರಕಟಿಸಿದರೆ ನಮ್ಮ ಅರಿವಿನ ಕೆಲಸ ಎಲ್ಲಿಗೆ ಬಂದಿದೆ ಎಂಬುದು ಗೊತ್ತಾಗುತ್ತದೆ.

ಓದುತ್ತಿರುವವರು ವಿದ್ಯಾರ್ಥಿಯಾಗಿದ್ದರೆ ಮೂರು ಸಂಗತಿ ನೆನಪಿರಲಿ. ಸರ್ಕಾರಿ ಐಸಿಟಿಸಿಯಲ್ಲಿ ಸಮಾಲೋಚನೆಯೂ ಪರೀಕ್ಷೆಯೂ ಉಚಿತ, ನಿಮ್ಮ ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಕಾಲೇಜಿಗೆ ತಿಳಿಸುವಂತಿಲ್ಲ. ಅಪಾಯಕ್ಕೆ ಒಡ್ಡಿಕೊಂಡು 72 ಗಂಟೆ ದಾಟಿಲ್ಲವಾದರೆ ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೋಗುವ ಧೈರ್ಯ ಬಾರದಿದ್ದರೆ 1097ಕ್ಕೆ ಕರೆ ಮಾಡಿ; ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಓದುತ್ತಿರುವವರು ಪ್ರಾಂಶುಪಾಲರೋ ಅಧ್ಯಾಪಕರೋ ಆಗಿದ್ದರೆ, ಮುಂದಿನ ಡಿಸೆಂಬರ್‌ವರೆಗೆ ಕಾಯದೆ, ಈ ಮೂರು ಸಂಗತಿಗಳನ್ನು ಕನ್ನಡದಲ್ಲಿ ಬರೆಸಿ ಹಾಸ್ಟೆಲಿನ ಸೂಚನಾ ಫಲಕಕ್ಕೆ ಹಾಕಿಸಿ.